ಯಾವುದು ಉಳಿದರೆ ಅದೇ ಕಾರು?

1989ರಲ್ಲಿ ಮಾರುಕಟ್ಟೆಗೆ ಬಂದ ನಿಸ್ಸಾನ್ ಸ್ಕೈಲೈನ್ ಜಿಟಿ-ಆರ್ ಕಾರಿನ ಎಂಜಿನ್ ಇಳಿಸಿ ಬಿಚ್ಚಿದರೆ ಗ್ಯಾರೇಜಿನ ನೆಲ ತುಂಬಿಹೋಗುತ್ತದೆ. 2,568 ಸಿಸಿಯ ಎರಕದ ಕಬ್ಬಿಣದ ಬ್ಲಾಕ್, 24 ವಾಲ್ವುಗಳ ಹೆಡ್, ಸಿಲಿಂಡರಿಗೊಂದರಂತೆ ಆರು ಥ್ರಾಟಲ್, ಎರಡು ಟರ್ಬೊ, ಒಳಗೆ ಹೋಗುವ ಗಾಳಿಯನ್ನು ಅಳೆಯುವ ಎರಡು ಮೀಟರು, ಲೆಕ್ಕಕ್ಕೆ ಸಿಗದಷ್ಟು ರಬ್ಬರ್ ಪೈಪು. ಮೂವತ್ತು ವರ್ಷ ಟರ್ಬೊ ಬಿಸಿಯಲ್ಲಿ ಬೆಂದ ಪೈಪು ಬೆರಳಲ್ಲಿ ಒತ್ತಿದರೆ ಬಿರಿಯುತ್ತದೆ. ವೈರಿಂಗ್ ಕನೆಕ್ಟರು ಮುಟ್ಟಿದರೆ ಪುಡಿಯಾಗುತ್ತದೆ. ಇದನ್ನು ಮತ್ತೆ ಕಟ್ಟಲು ಹೊರಟವರಿಗೆ ಮೊದಲು ಎದುರಾಗುವುದು ಹಣದ ಪ್ರಶ್ನೆ. ಅದರ ಬೆನ್ನಿಗೇ ಇನ್ನೊಂದು ನಿಲ್ಲುತ್ತದೆ: ಯಾವುದನ್ನು ಉಳಿಸಿಕೊಂಡರೆ ಇದು ಅದೇ ಕಾರು?

ಪ್ರಶ್ನೆ ಬಹಳ ಹಳೆಯದು. ಪಾಲಿ ಗ್ರಂಥ ಮಿಲಿಂದಪಞ್ಹದಲ್ಲಿ ಯವನ ದೊರೆ ಮಿಲಿಂದ ತಾನು ರಥವೇರಿ ಬಂದೆನೆಂದಾಗ ಭಿಕ್ಷು ನಾಗಸೇನ ಅವನನ್ನು ಹಿಡಿದು ನಿಲ್ಲಿಸುತ್ತಾನೆ. ಅಚ್ಚು ರಥವೇ? ಗಾಲಿ ರಥವೇ? ನೊಗವೇ? ದೊರೆ ಒಂದೊಂದಕ್ಕೂ ಅಲ್ಲವೆನ್ನುತ್ತಾನೆ. ಕೊನೆಗೆ ಇಬ್ಬರೂ ಒಪ್ಪುವುದು ಇಷ್ಟು: ಇವೆಲ್ಲ ಕೂಡಿದಲ್ಲಿ ರಥವೆಂಬ ಹೆಸರು ನಡೆಯುತ್ತದೆ, ಅದರಾಚೆ ರಥವೆಂಬ ಬೇರೊಂದು ವಸ್ತು ಇಲ್ಲ.

ಈ ಮಾತು ರಿಪೇರಿಗಿಳಿದವರ ಎದೆಯ ಭಾರವನ್ನು ಇಳಿಸುತ್ತದೆ. ಯಾವ ಒಂದು ಬೋಲ್ಟಿನಲ್ಲೂ ಕಾರಿನ ಆತ್ಮ ಕೂತಿಲ್ಲ ಎಂದ ಮೇಲೆ ಬದಲಿಸಲು ಅಂಜಿಕೆ ಏಕೆ? ಆದರೆ ನೆಲದ ಮೇಲೆ ಹರಡಿರುವ ಈ ರಾಶಿಯಲ್ಲಿ ಯಾವುದನ್ನು ಎತ್ತಿಡಬೇಕು, ಯಾವುದನ್ನು ಗುಜರಿಗೆ ಹಾಕಬೇಕು ಎಂಬುದನ್ನು ನಾಗಸೇನ ಹೇಳುವುದಿಲ್ಲ.

ಅಲ್ಲಿ ಬೇಕಾಗುವುದು ಯಂತ್ರದ ಒಳಗುಟ್ಟು. ಈ ಕಾರಿನ ಮೂಲ ಟರ್ಬೊಗಳಲ್ಲಿ ಹೊಗೆಯ ಕಡೆಯ ಚಕ್ರ ಸೆರಾಮಿಕ್ಕಿನದು. ಹಗುರವಾದ್ದರಿಂದ ಬೇಗ ವೇಗ ಹಿಡಿಯಲಿ ಎಂಬುದು ತಯಾರಕರ ಲೆಕ್ಕ. ಕಾರ್ಖಾನೆ ಇಟ್ಟ ಒತ್ತಡದಲ್ಲಿ ಅದು ಬಾಳಿಕೆ ಬರುತ್ತದೆ. ಬೂಸ್ಟ್ ಏರಿಸಿದರೆ, ನಿಮಿಷಕ್ಕೆ ಲಕ್ಷ ಸುತ್ತು ದಾಟಿ ತಿರುಗುವ ಆ ಚಕ್ರ ಒಡೆದು ಚೂರಾಗಬಹುದು. ಆಯಿಲ್ ಪಂಪಿನ ಕಥೆ ಇನ್ನೂ ಸೂಕ್ಷ್ಮ. ಮೊದಮೊದಲ ಎಂಜಿನ್‌ಗಳಲ್ಲಿ ಪಂಪನ್ನು ತಿರುಗಿಸಲು ಕ್ರ್ಯಾಂಕ್‌ಶಾಫ್ಟಿನ ತುದಿಯಲ್ಲಿ ಬಿಟ್ಟಿದ್ದ ಹಿಡಿತದ ಭಾಗ ಕಿರಿದು. ಎಂಜಿನ್ ಜೋರಾಗಿ ತಿರುಗುತ್ತಿರುವಾಗ ಪಂಪಿನ ಒಳಗಿನ ಗೇರು ಅಲ್ಲಿ ಸೀಳಿದರೆ ಎಣ್ಣೆ ನಿಲ್ಲುತ್ತದೆ, ಕ್ಷಣದಲ್ಲಿ ಬೇರಿಂಗುಗಳು ಸುಟ್ಟುಹೋಗುತ್ತವೆ. ಮೂಲ ಭಾಗವೆಂಬ ಭಕ್ತಿಯಿಂದ ಆ ಪಂಪನ್ನೇ ಮತ್ತೆ ಕೂರಿಸಿದರೆ, ಒಂದು ತುಂಡನ್ನು ಉಳಿಸಲು ಹೋಗಿ ಇಡೀ ಎಂಜಿನ್ ಕಳೆದುಕೊಂಡಂತೆ. ಇಂಥ ಭಕ್ತಿಗೆ ಬೆಲೆ ಕೊಡಬೇಕಿಲ್ಲ.

ಹಳಗನ್ನಡದ ಜೈನ ಕವಿಗಳು ಭಕ್ತಿಯಿಂದ ನೆನೆಯುವ ಸಮಂತಭದ್ರಾಚಾರ್ಯರು ಆಪ್ತಮೀಮಾಂಸೆಯಲ್ಲಿ ಒಂದು ದೃಷ್ಟಾಂತ ಕೊಡುತ್ತಾರೆ. ಚಿನ್ನದ ಕೊಡವನ್ನು ಕರಗಿಸಿ ಕಿರೀಟ ಮಾಡಿದರೆ, ಕೊಡ ಬೇಕಿದ್ದವನಿಗೆ ದುಃಖ, ಕಿರೀಟ ಬೇಕಿದ್ದವನಿಗೆ ಸಂತೋಷ, ಚಿನ್ನವಷ್ಟೇ ಬೇಕಿದ್ದವನಿಗೆ ಎರಡೂ ಇಲ್ಲ. ಹುಟ್ಟು, ಅಳಿವು, ಸ್ಥಿರತೆ ಮೂರೂ ಒಂದೇ ವಸ್ತುವಿನಲ್ಲಿ ಒಟ್ಟಿಗೇ ಇವೆ ಎಂಬುದು ಜೈನ ತತ್ತ್ವ. ತೆರೆದ ಬಾನೆಟ್ ಸುತ್ತ ನಿಲ್ಲುವವರೂ ಈ ಮೂವರೇ. ಸಂಗ್ರಾಹಕನಿಗೆ ಕಾರ್ಖಾನೆಯಿಂದ ಬಂದ ರೂಪವೇ ಬೇಕು. ರೇಸಿಗೆ ಇಳಿಯುವವನಿಗೆ ಎರಡು ತೆಗೆದು ಒಂದೇ ದೊಡ್ಡ ಟರ್ಬೊ ಹಾಕಿದರೂ ಸಂತೋಷ. ಮೂರನೆಯವನು ಬ್ಲಾಕ್ ಗಟ್ಟಿಯಿದೆಯೇ ಎಂದಷ್ಟೇ ನೋಡುತ್ತಾನೆ. ಆದ್ದರಿಂದ ಸ್ಪ್ಯಾನರ್ ಹಿಡಿಯುವ ಮೊದಲೇ ತಾನು ಈ ಮೂವರಲ್ಲಿ ಯಾರು ಎಂಬುದನ್ನು ಮಾಲೀಕ ತಿಳಿದುಕೊಳ್ಳಬೇಕು. ಮೂರೂ ಆಗಲು ಹೊರಟ ಕಾರುಗಳು ಅರ್ಧ ಕಟ್ಟಿದ ಸ್ಥಿತಿಯಲ್ಲೇ ಮಾರಾಟಕ್ಕೆ ಬರುತ್ತವೆ.

ಪ್ರಶ್ನೆ ಒಮ್ಮೆ ನ್ಯಾಯಾಲಯವನ್ನೂ ಹತ್ತಿದೆ. 1929 ಮತ್ತು 1930ರ ಲೆಮಾನ್ಸ್ ರೇಸ್ ಗೆದ್ದ ಬೆಂಟ್ಲಿ, ‘ಓಲ್ಡ್ ನಂಬರ್ ಒನ್’ ಎಂದೇ ಹೆಸರಾದದ್ದು, ಆಮೇಲೆ ಬೇರೆ ಎಂಜಿನ್ ಪಡೆಯಿತು, 1932ರಲ್ಲಿ ಬ್ರೂಕ್‌ಲ್ಯಾಂಡ್ಸ್‌ನಲ್ಲಿ ಅಪಘಾತಕ್ಕೀಡಾಯಿತು, ಮತ್ತೆ ಕಟ್ಟಲ್ಪಟ್ಟಿತು. ಒಂದು ಕೋಟಿ ಪೌಂಡಿಗೆ ಕೊಳ್ಳಲು ಒಪ್ಪಿದ್ದವರು ಇದು ಅಸಲಿ ಅಲ್ಲವೆಂದು ಹಿಂದೆ ಸರಿದರು. 1990ರಲ್ಲಿ ಇಂಗ್ಲೆಂಡಿನ ನ್ಯಾಯಮೂರ್ತಿ ಆಟನ್ ಮಾರಿದವರ ಪರ ತೀರ್ಪಿತ್ತರು. 1929ರ ಭಾಗಗಳು ಹೆಚ್ಚುಕಡಿಮೆ ಉಳಿದಿರಲಿಲ್ಲ. ಆದರೂ ಕಾರಿನ ಬಾಳು ಎಲ್ಲೂ ಕಡಿದುಹೋಗಿಲ್ಲ, ಆ ಹೆಸರಿಗೆ ಹಕ್ಕು ಹೇಳುವ ಇನ್ನೊಂದು ಕಾರು ಹುಟ್ಟಿಲ್ಲ ಎಂಬುದು ಅವರ ಕಾರಣ. ಕಬ್ಬಿಣಕ್ಕಿಂತ ಚರಿತ್ರೆಯ ಎಳೆಗೆ ಹೆಚ್ಚು ತೂಕ ಕೊಟ್ಟ ಈ ತೀರ್ಪು ಸರಿಯಾದದ್ದೇ.

ಜಿಟಿ-ಆರ್ ಹುಟ್ಟಿದ ಜಪಾನಿನಲ್ಲಿ ಈ ಎಳೆಯನ್ನು ಪೂಜೆಯಾಗಿಸಿದ್ದಾರೆ. ಇಸೆಯ ಶಿಂತೊ ಗುಡಿಯನ್ನು 690ರಿಂದ, ಯುದ್ಧಕಾಲದ ದೀರ್ಘ ಬಿಡುವೊಂದನ್ನು ಬಿಟ್ಟರೆ, ಇಪ್ಪತ್ತು ವರ್ಷಕ್ಕೊಮ್ಮೆ ಪಕ್ಕದ ನಿವೇಶನದಲ್ಲಿ ಹೊಸ ಮರದಿಂದ ಕಟ್ಟುತ್ತ ಬಂದಿದ್ದಾರೆ. 2013ರದ್ದು 62ನೆಯದು. ಇಳಿಸಿದ ಮರ ವ್ಯರ್ಥವಾಗದು. ಗರ್ಭಗುಡಿಯ ದೊಡ್ಡ ಕಂಬಗಳು ಉಜಿ ಸೇತುವೆಯ ತೊರಿ ದ್ವಾರಗಳಾಗಿ ನಿಲ್ಲುತ್ತವೆ. ನಮ್ಮ ಕರಾವಳಿಯಲ್ಲೂ ಜೀರ್ಣೋದ್ಧಾರವೆಂದರೆ ದೇವರನ್ನು ಬಾಲಾಲಯದಲ್ಲಿಟ್ಟು, ಗುಡಿ ಬಿಚ್ಚಿ ಕಟ್ಟಿ, ಬ್ರಹ್ಮಕಲಶ ಮಾಡುವುದು. ಎರಡು ಕಡೆಯೂ ಬದಲಾಗಬಹುದಾದದ್ದು ಯಾವುದು, ಬದಲಾಗಬಾರದ್ದು ಯಾವುದು ಎಂಬುದು ಮೊದಲೇ ತೀರ್ಮಾನವಾಗಿರುತ್ತದೆ. ಕಾರಿಗೂ ಅಂಥ ದಾರಿಯಿದೆ: 2017ರಲ್ಲಿ ನಿಸ್ಸಾನಿನ ರೇಸಿಂಗ್ ಅಂಗವಾದ ನಿಸ್ಮೊ ಈ ಜಿಟಿ-ಆರ್‌ನ ಹಳೆಯ ಭಾಗಗಳನ್ನು ಮತ್ತೆ ತಯಾರಿಸಿ ಮಾರಲು ಶುರುಮಾಡಿತು. ವೈರಿಂಗ್, ಹೋಸ್‌ಗಳು ಅದರಲ್ಲಿದ್ದವು. ಕಾರ್ಖಾನೆಯೇ ಮಾಡಿಕೊಟ್ಟ ಹೊಸ ಹೋಸ್ ಹಾಕಿದರೆ ಕಾರಿನ ಎಳೆ ಕಡಿಯುವುದಿಲ್ಲ.

ಹಾಗಾದರೆ ಉಳಿಯಬೇಕಾದದ್ದು? ಬಾನೆಟ್ ಎತ್ತಿದರೆ ಹಿಂಬದಿಯ ತಗಡಿನ ಗೋಡೆಯ ಮೇಲೆ ಒತ್ತಿದ ಚಾಸಿ ನಂಬರು ಕಾಣುತ್ತದೆ. ಎಂಜಿನ್ ಕೂರುವ ಜಾಗಕ್ಕೆ ಬಣ್ಣ ಹೊಡೆಯುವಾಗ ಅದು ಒಂದಿಷ್ಟೂ ಮುಚ್ಚಿಹೋಗಬಾರದು. ನಂಬರಿರುವ ಬ್ಲಾಕ್ ಬಿರುಕಿಲ್ಲದಿದ್ದರೆ ಬೋರ್ ಮಾಡಿಸಿಯಾದರೂ ಉಳಿಸಬೇಕು. ನಮ್ಮ ಆರ್‌ಸಿಯಲ್ಲೂ ಚಾಸಿ ನಂಬರು, ಎಂಜಿನ್ ನಂಬರು ಎರಡೂ ಇರುತ್ತವೆ, ಎಂಜಿನ್ ಬದಲಿಸಲು ಆರ್‌ಟಿಓ ಒಪ್ಪಿಗೆ ಬೇಕು. ಕಾನೂನು ಗುರುತನ್ನು ಕಂಡುಕೊಂಡದ್ದೂ ಅಲ್ಲಿಯೇ. ಆರು ಥ್ರಾಟಲ್‌ಗಳನ್ನು ತೊಳೆದು ಹೊಂದಿಸಿ ಮತ್ತೆ ಕೂರಿಸಬೇಕು, ಆ ಎಂಜಿನ್ನಿನ ಸ್ವಭಾವ ಅವುಗಳಲ್ಲಿದೆ. ಪೆಟ್ರೋಲ್ ಪೈಪು, ಗ್ಯಾಸ್ಕೆಟ್, ಬೇರಿಂಗ್, ಆಯಿಲ್ ಪಂಪ್ ವಿಷಯದಲ್ಲಿ ಮರುಕ ಬೇಡ.

ಟರ್ಬೊ ಬದಲಿಸಿದರೆ, ತೆಗೆದವನ್ನು ಮಾತ್ರ ಎಸೆಯಬಾರದು. 1655ರಲ್ಲಿ ಇಂಗ್ಲಿಷ್ ತತ್ತ್ವಜ್ಞಾನಿ ಹಾಬ್ಸ್ ಒಂದು ತೊಡಕು ಎತ್ತಿದ್ದ: ಒಂದೊಂದಾಗಿ ಹಲಗೆ ಬದಲಿಸುತ್ತ ಹೋದ ಹಡಗಿನಿಂದ ಕಿತ್ತ ಹಳೆಯ ಹಲಗೆಗಳನ್ನೆಲ್ಲ ಒಬ್ಬ ಕೂಡಿಟ್ಟು ಮತ್ತೆ ಹಡಗು ಕಟ್ಟಿದರೆ ಎರಡರಲ್ಲಿ ಯಾವುದು ನಿಜ? ಕಾರಿನ ವಿಷಯದಲ್ಲಿ ಈ ತೊಡಕು ತಪ್ಪಿಸುವುದು ಮಾಲೀಕನ ಕೈಯಲ್ಲೇ ಇದೆ. ಹಳೆಯ ಭಾಗಗಳು ಕಾರಿನ ಜೊತೆಗೇ ಇರಲಿ, ಚೀಟಿ ಅಂಟಿಸಿದ ಪೆಟ್ಟಿಗೆಯಲ್ಲಿ. ಬಿಚ್ಚುವ ಮುನ್ನ ಪ್ರತಿ ಭಾಗದ ಫೋಟೊ ತೆಗೆಯಿರಿ. ಏನು ಬದಲಾಯಿತು, ಏಕೆ, ಯಾವ ದಿನ ಎಂದು ಪುಸ್ತಕದಲ್ಲಿ ಬರೆಯಿರಿ. ಮಾರುವಾಗ ಪೆಟ್ಟಿಗೆಯನ್ನೂ ಪುಸ್ತಕವನ್ನೂ ಕೊಳ್ಳುವವರ ಕೈಗೆ ಕೊಡಿ.