ನಿಷೇಧ ಮುಗಿದ ಮೇಲೆ

ಪಾಳ್ಯದ ಹೋಟೆಲೊಂದರಲ್ಲಿ ಕಾಫಿ ಕುಡಿಯುತ್ತಿದ್ದಾಗ ನಿವೃತ್ತ ಮೇಷ್ಟ್ರೊಬ್ಬರು, "ಮದ್ದು ತಿಂದು ಓಡಿದವರನ್ನು ಮತ್ತೆ ಮೈದಾನಕ್ಕೆ ಬಿಡಬಾರದು" ಎಂದರು. "ಹಾಗಾದರೆ ನಮ್ಮ ಅಶ್ವಿನಿ ಅಕ್ಕುಂಜಿ?" ಎಂದೆ. ಮೇಷ್ಟ್ರು ಸುಮ್ಮನಾದರು.

ಕುಂದಾಪುರದ ಕಡೆಯ ಸಿದ್ದಾಪುರದ ಈ ರೈತನ ಮಗಳು 2010ರ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ 400 ಮೀಟರ್ ಹರ್ಡಲ್ಸ್ ಮತ್ತು ರಿಲೇ ಎರಡರಲ್ಲೂ ಚಿನ್ನ ಗೆದ್ದಿದ್ದರು. ಮರುವರ್ಷವೇ ಪರೀಕ್ಷೆಯಲ್ಲಿ ಸ್ಟೆರಾಯ್ಡ್ ಪತ್ತೆಯಾಯಿತು. ಕೋಚ್ ಕೊಟ್ಟ ಜಿನ್ಸೆಂಗ್‌ನಿಂದ ಹೀಗಾಯಿತೆಂಬುದು ಆಟಗಾರ್ತಿಯರ ವಾದ. ಉಕ್ರೇನಿನ ಕೋಚ್ ಕೆಲಸ ಕಳೆದುಕೊಂಡರು. ಅಶ್ವಿನಿಗೆ ಸಿಕ್ಕ ಒಂದು ವರ್ಷದ ನಿಷೇಧವನ್ನು 2012ರಲ್ಲಿ ಅಂತಾರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ ಎರಡು ವರ್ಷಕ್ಕೇರಿಸಿತು. ಲಂಡನ್ ಒಲಿಂಪಿಕ್ಸ್ ಕೈತಪ್ಪಿತು.

ಮೈಯೊಳಗೆ ಹೋದದ್ದಕ್ಕೆ ಓಡುವವರೇ ಹೊಣೆ ಎನ್ನುತ್ತದೆ ನಿಯಮ. ಕಠಿಣವೆನಿಸಿದರೂ ಇದಿಲ್ಲದಿದ್ದರೆ ಎಲ್ಲರೂ "ಗೊತ್ತಿರಲಿಲ್ಲ" ಎಂದಾರು. ಆಗ ಏನನ್ನೂ ಮುಟ್ಟದೆ ನಾಲ್ಕನೆಯವಳಾಗಿ ಬಂದವಳ ಗತಿ? ವರ್ಷಗಳ ನಂತರ ಪದಕ ಮನೆಗೆ ಬಂದರೂ ಆ ದಿನದ ಚಪ್ಪಾಳೆ ಬರುವುದಿಲ್ಲ. ಕ್ಷಮೆಯ ಮಾತಾಡುವ ನಾವು (ನಾನೂ ಸೇರಿ) ಅವಳನ್ನು ಮರೆತೇ ಮಾತಾಡುತ್ತೇವೆ.

ಆದರೂ ಅಳತೆ ಹಾಕಿ ಕೊಟ್ಟ ಶಿಕ್ಷೆ ಒಂದು ದಿನ ಮುಗಿಯಲೇಬೇಕು. ಇಂಥವರನ್ನು ಜೀವನಪೂರ್ತಿ ಹೊರಗಿಡುವ ಬ್ರಿಟನ್ ಒಲಿಂಪಿಕ್ ಸಂಸ್ಥೆಯ ನಿಯಮವನ್ನು ಅದೇ ನ್ಯಾಯಮಂಡಳಿ 2012ರಲ್ಲೇ ತಳ್ಳಿಹಾಕಿತ್ತು. ಇಪ್ಪತ್ತರ ಹರೆಯದ ಓಟಗಾರ್ತಿಗೆ ಎರಡು ವರ್ಷವೆಂದರೆ ಸಣ್ಣ ಕಾಲವಲ್ಲ. ಕಾಲಿನ ವೇಗ ಯಾರಿಗೂ ಕಾಯುವುದಿಲ್ಲ. ಅಶ್ವಿನಿ ಅದನ್ನು ತೆತ್ತೇ ಟ್ರ್ಯಾಕಿಗೆ ಮರಳಿದರು. ಇನ್ನೇನು ಕೇಳುವುದು?

ಇಷ್ಟು ಹೇಳಿದಾಗ ಮೇಷ್ಟ್ರು, "ಬರಲಿ ಬಿಡಿ" ಎಂದರು. ಲೋಟ ಕೆಳಗಿಟ್ಟು ಮತ್ತೆ ಕೇಳಿದರು: "ಆ ನಾಲ್ಕನೆಯವಳು ಏನನ್ನುತ್ತಾಳೋ?"