ಖಾಲಿ ಟ್ಯಾಂಕ್ ಖಾಲಿಯಲ್ಲ

☸️ *ಇಂದಿನ ಧಮ್ಮ ಚಿಂತನೆ*




ನಮ್ಮಪ್ಪನ ಯೆಜ್ಡಿ ಬೈಕು ಇನ್ನೂ ನಮ್ಮ ಮನೆಯಲ್ಲಿದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದದ್ದು. ಕಾರ್ಖಾನೆ 1996ರಲ್ಲಿ ಮುಚ್ಚಿತು, ಬೈಕು ಈಗಲೂ ಓಡುತ್ತಿದೆ. ಈಚೆಗೆ ಸ್ಟ್ಯಾಂಡ್ ಜಾರಿ ಬಿದ್ದು ಅದರ ಪೆಟ್ರೋಲ್ ಟ್ಯಾಂಕ್ ನೆಗ್ಗಿತು. ಏಪ್ರಿಲ್ 14ರ ಮೆರವಣಿಗೆಗೆ ಅದೇ ಗಾಡಿಯಲ್ಲಿ ಹೋಗಬೇಕೆಂದು ನನಗೆ ಆಸೆ, ಅವಸರ.

ಟಿಂಕರಿಂಗ್ ಶೆಡ್ಡಿನಲ್ಲಿ ಮೇಸ್ತ್ರಿ ಇರಲಿಲ್ಲ. ಕೆಲಸ ಕಲಿಯುತ್ತಿದ್ದ ಹುಡುಗನಿದ್ದ. ನೆಗ್ಗಿದ ಜಾಗಕ್ಕೆ ಕಂಬಿ ವೆಲ್ಡ್ ಮಾಡಿ ಎಳೀಬೇಕು ಅಂದ. ಆದರೆ ಹಿಂಜರಿದ. "ಅಣ್ಣ, ಮೇಸ್ತ್ರಿ ಬರ್ಲಿ" ಅಂದ.

ನಾನು ಅಂದೆ: "ಪೆಟ್ರೋಲ್ ಪೂರ್ತಿ ಬಸಿದಿದ್ದೀನಿ ಕಣಪ್ಪ, ಖಾಲಿ ಟ್ಯಾಂಕು. ಏನೂ ಆಗಲ್ಲ, ಮಾಡು."

ಅವನು ವೆಲ್ಡಿಂಗ್ ಟಾರ್ಚ್ ಕೈಗೆತ್ತಿಕೊಂಡ. ಅಷ್ಟರಲ್ಲಿ ಮೇಸ್ತ್ರಿ ಬಂದವರೇ ಕೂಗಿಕೊಂಡರು, "ಏಯ್, ಕೆಳಗಿಡೋ ಅದನ್ನ!"

ಆಮೇಲೆ ನನಗೆ ವಿವರಿಸಿದರು. ಉರಿಯುವುದು ಪೆಟ್ರೋಲಿನ ಆವಿ. ತುಂಬಿದ ಟ್ಯಾಂಕಿನಲ್ಲಿ ಗಾಳಿಗೆ ಜಾಗ ಕಡಿಮೆ. ಬಸಿದ ಟ್ಯಾಂಕಿನಲ್ಲಿ ಆವಿಯೂ ಗಾಳಿಯೂ ಬೆರೆತು ಕಿಡಿಗಾಗಿ ಕಾದಿರುತ್ತವೆ. ಯೆಜ್ಡಿಗೆ ಪೆಟ್ರೋಲಿನ ಜೊತೆ ಆಯಿಲ್ ಬೆರೆಸುತ್ತೇವೆ. ಆ ಜಿಡ್ಡು ಒಳಗೋಡೆಗೆ, ತುಕ್ಕಿಗೆ ಅಂಟಿಕೊಂಡು ದಿನಗಟ್ಟಲೆ ಉಳಿಯುತ್ತದೆ. ಕಿಡಿ ತಗುಲಿದ್ದರೆ ಟ್ಯಾಂಕ್ ಬಾಂಬಿನಂತೆ ಸಿಡಿಯುತ್ತಿತ್ತು. ಆ ಹುಡುಗನ ಮುಖದೆದುರೇ.

ಬಂಧುಗಳೇ, ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ. "ಏನೂ ಆಗಲ್ಲ, ಇಳಿ." ನಮ್ಮವರನ್ನು ಮ್ಯಾನ್‌ಹೋಲಿಗೆ ಇಳಿಸುವವರು ಹೇಳುವ ಮಾತೂ ಇದೇ ಅಲ್ಲವೇ? ಅಲ್ಲಿಯೂ ಕೊಲ್ಲುವುದು ಕಣ್ಣಿಗೆ ಕಾಣದ ಗ್ಯಾಸು. ಹೇಳುವವನು ಮೇಲೆ ನಿಂತಿರುತ್ತಾನೆ, ಸಾಯುವವನು ಒಳಗಿರುತ್ತಾನೆ. ಜಾತಿ ಎಂದರೆ ದುಡಿಯುವವರನ್ನೇ ಮೇಲು ಕೀಳಾಗಿ ವಿಂಗಡಿಸುವುದು ಎಂದು ಬಾಬಾಸಾಹೇಬರು 1936ರಲ್ಲೇ ಬರೆದರು. ಅದನ್ನು ಓದಿದ ನಾನು, ದೀಕ್ಷೆ ಪಡೆದ ನಾನು, ಆ ದಿನ ಮೇಲೆ ನಿಂತವನಾಗಿದ್ದೆ.

ಭಗವಾನ್ ಬುದ್ಧರು ಮಗ ರಾಹುಲನಿಗೆ ಬೋಧಿಸಿದ್ದು ಇದನ್ನೇ. ಕನ್ನಡಿಯಲ್ಲಿ ಮುಖ ನೋಡಿಕೊಳ್ಳುವ ಹಾಗೆ ಪ್ರತಿ ಕೆಲಸವನ್ನೂ ಮಾಡುವ ಮೊದಲು, ಮಾಡುವಾಗ, ಮಾಡಿದ ಮೇಲೆ ನೋಡಿಕೋ: ಇದರಿಂದ ನನಗೆ ನೋವೇ? ಇತರರಿಗೆ ನೋವೇ? ನಾನು ಎರಡನೆಯ ಪ್ರಶ್ನೆಯನ್ನು ಕೇಳಿಕೊಳ್ಳಲೇ ಇಲ್ಲ. ಕೊಲ್ಲುವ ಮನಸ್ಸಿಲ್ಲದಿದ್ದರೂ ಎಚ್ಚರಗೇಡಿತನ ಕೊಲ್ಲಬಹುದು. ಅದಕ್ಕೇ ಪಂಚಶೀಲದ ಜೊತೆ ಅಪ್ಪಮಾದ, ಅಂದರೆ ಸದಾ ಎಚ್ಚರ, ಬೇಕು.

ಮೇಸ್ತ್ರಿ ಮುಂದೆ ಮಾಡಿದ್ದು ಹೀಗೆ. ಟ್ಯಾಂಕ್ ಬಿಚ್ಚಿ, ಬಯಲಿನಲ್ಲಿಟ್ಟು, ಬಿಸಿನೀರು ಮತ್ತು ಸೋಪಿನ ಪುಡಿ ಹಾಕಿ ಹಲವು ಸಲ ತೊಳೆದರು. ಬೆಂಕಿಯನ್ನು ಹತ್ತಿರಕ್ಕೇ ತರಲಿಲ್ಲ. ನೆಗ್ಗಿದ ಕಡೆ ಗಮ್ಮಿನಿಂದ ಹಿಡಿಕೆ ಅಂಟಿಸಿ, ಪುಲ್ಲರ್‌ನಿಂದ ಮೆಲ್ಲಗೆ ಹೊರಗೆಳೆದರು. ವೆಲ್ಡಿಂಗ್ ಬೇಕೇಬೇಕಾದರೆ, ತೊಳೆದ ಮೇಲೂ ಆವಿಗೆ ಜಾಗವಿಲ್ಲದಂತೆ ನೀರು ತುಂಬಿ, ಪಳಗಿದವರೇ ಮಾಡಬೇಕಂತೆ. ಸಣ್ಣ ಗುರುತು ಉಳಿದಿದೆ. ಉಳಿಯಲಿ, ನನಗೆ ಪಾಠ.

ಮಾರನೇ ದಿನ ಆ ಹುಡುಗನ ಬಳಿ ಹೋಗಿ "ತಪ್ಪಾಯ್ತು ಕಣಪ್ಪ" ಅಂದೆ. ಅವನು ನಾಚಿ ನಕ್ಕ.

🌼 *ಇಂದಿನ ಅಭ್ಯಾಸ:* ಯಾರಿಗಾದರೂ "ಏನೂ ಆಗಲ್ಲ, ಮಾಡು" ಎನ್ನುವ ಮೊದಲು ಒಂದು ಉಸಿರು ನಿಲ್ಲೋಣ. ಆಗುವುದಾದರೆ ಯಾರಿಗೆ ಆಗುತ್ತದೆ ಎಂದು ಕೇಳಿಕೊಳ್ಳೋಣ.

ಭವತು ಸಬ್ಬ ಮಂಗಲಂ 🙏
ಜೈ ಭೀಮ್ 💙