ಅಪ್ಪ-ಅವ್ವನ ಹೆಬ್ಬೆಟ್ಟು, ನಮ್ಮ ನಂಬಿಗಸ್ತಿಕೆ

ಮಾರ್ಕ 7ನೇ ಅಧ್ಯಾಯ, 9ರಿಂದ 13ನೇ ವಚನ ತೆಗೀರಿ.

ಅಪ್ಪ-ಅವ್ವನಿಗೆ ಸಲ್ಲಬೇಕಾದದ್ದನ್ನ 'ಕೊರ್ಬಾನ್', ದೇವರಿಗೆ ಮೀಸಲು ಅಂದುಬಿಟ್ಟರೆ ಸಾಕು, ಮಗನ ಜವಾಬ್ದಾರಿ ಮುಗೀತು. ಫರಿಸಾಯರ ನಿಯಮದಲ್ಲಿ ಅದು ಸರಿ. ಆದರೆ ಯೇಸು ಸ್ವಾಮಿ ಅದನ್ನ ಒಪ್ಪಲಿಲ್ಲ.

ಯೌವನಸ್ಥರೇ, ನಿಮ್ಮಲ್ಲಿ ಎಷ್ಟೋ ಜನ ಸಿಂಧನೂರು, ಲಿಂಗಸುಗೂರು, ಮಸ್ಕಿ ಬಿಟ್ಟು ಬೆಂಗಳೂರಲ್ಲಿ ಕೆಲಸ ಮಾಡ್ತೀರಿ. ಊರಲ್ಲಿ ಹೊಲ, ಮನೆ, ವಯಸ್ಸಾದ ಅಪ್ಪ-ಅವ್ವ. ಅವರಿಗೆ ಬ್ಯಾಂಕು, ಕಚೇರಿ ಅಂತ ಓಡಾಡಕ್ಕಾಗಲ್ಲ. 'ಒಂದು ಜಿಪಿಎ ಮಾಡಿಸೋಣ' ಅಂತೀರಿ. ಮಾಡಿಸ್ರಿ, ಆದರೆ ತಿಳ್ಕೊಂಡು ಮಾಡಿಸ್ರಿ.

ಜಿಪಿಎ, ನಮ್ಮ ಹಿರಿಯರು ಮುಖ್ತಾರ್‌ನಾಮೆ ಅಂತಿದ್ರಲ್ಲ, ಅದರಿಂದ ಹೊಲ ನಿಮ್ಮದಾಗಲ್ಲ. ಜಿಪಿಎ ಮೂಲಕ ಒಡೆತನ ಬರೋದಿಲ್ಲ ಅಂತ 2011ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ನೀವು ಬರೀ ಮನೆವಾರ್ತೆಯವರು. ಮನೆವಾರ್ತೆಯವನಲ್ಲಿ ದೇವರು ಹುಡುಕೋದು ನಂಬಿಗಸ್ತಿಕೆ. 1 ಕೊರಿಂಥ 4:2 ನೋಡ್ರಿ.

ಬರೆದುಕೊಟ್ಟವರು ತೀರಿಕೊಂಡರೆ ಜಿಪಿಎ ಮುಗೀತು. ಅವರ ಬುದ್ಧಿ ಸ್ವಾಧೀನ ತಪ್ಪಿದರೂ ಮುಗೀತು. ಮರೆವಿನ ಕಾಯಿಲೆ ಬಂದ ಮೇಲೆ ಅವ್ವನ ಕೈ ಹಿಡಿದು ಹೆಬ್ಬೆಟ್ಟು ಒತ್ತಿಸಿದರೆ ಅದು ಸೇವೆಯಲ್ಲ ಪ್ರಿಯರೇ, ಕಳವು. ಅದಕ್ಕೇ ಅವರು ಗಟ್ಟಿಯಿರುವಾಗಲೇ ಅಣ್ಣ, ತಮ್ಮ, ಅಕ್ಕ, ತಂಗಿ ಎಲ್ಲರೂ ಕೂತು, ಒಂದೊಂದು ಸಾಲೂ ಓದಿ ಹೇಳಿ ಮಾಡಿಸ್ರಿ. ಅವರ ಕಾಲಾನಂತರದ್ದಕ್ಕೆ ಉಯಿಲು ಬೇಕು. ಅದಕ್ಕೆ ಇಬ್ಬರು ಸಾಕ್ಷಿಗಳ ಸಹಿ ಇರಲೇಬೇಕು. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೇದು.

ಅಪ್ಪ ಈಗಲೇ ದಾನಪತ್ರ ಬರೆದುಕೊಡ್ತೀನಿ ಅಂದರೆ, 'ಕೊನೇವರೆಗೂ ನೋಡ್ಕೊಳ್ಳಬೇಕು' ಅನ್ನೋ ಷರತ್ತು ನೀವೇ ಹೇಳಿ ಬರೆಸ್ರಿ. ಹಿರಿಯ ನಾಗರಿಕರ 2007ರ ಕಾಯ್ದೆಯ 23ನೇ ಕಲಮಿನ ಪ್ರಕಾರ, ಆ ಮಾತು ತಪ್ಪಿದರೆ ದಾನಪತ್ರ ರದ್ದಾಗಬಹುದು. ನಮ್ಮ ಭಾಗದವರು ಅದಕ್ಕೆ ಅರ್ಜಿ ಕೊಡೋದು ಲಿಂಗಸುಗೂರಿನ ಎಸಿ ಸಾಹೇಬರ ಮುಂದೆ. ಪ್ರಾರ್ಥನೆ ಮಾಡೋ ಮಗನ ಮೇಲೆ ಅವ್ವ ಅಲ್ಲಿ ಅರ್ಜಿ ಹಿಡ್ಕೊಂಡು ನಿಂತರೆ ನಮ್ಮ ಸಾಕ್ಷಿ ಎಲ್ಲಿ ಉಳೀತು?

ಶಿಲುಬೆಯ ಮೇಲೆ ಉಸಿರಾಡಕ್ಕೂ ಕಷ್ಟಪಡ್ತಿದ್ದಾಗ ಕರ್ತನು ತಾಯಿಯನ್ನ ಮರೀಲಿಲ್ಲ. ಪ್ರೀತಿಯ ಶಿಷ್ಯನಿಗೆ ಒಪ್ಪಿಸಿದನು. ಆ ಹೊತ್ತಿನಿಂದಲೇ ಶಿಷ್ಯನು ಆಕೆಯನ್ನ ಮನೆಗೆ ಕರ್ಕೊಂಡುಹೋದನು. ಯೋಹಾನ 19ರಲ್ಲಿದೆ.

ಈ ಸಲ ಊರಿಗೆ ಹೋದಾಗ 'ಪಹಣಿ ಎಲ್ಲಿದೆ?' ಅಂತ ಶುರು ಮಾಡಬೇಡ್ರಿ. ಮೊದಲು 'ಅಪ್ಪಾ, ನಿಮಗೆ ಹೇಗಾಗಬೇಕು?' ಅಂತ ಕೇಳ್ರಿ. ಅವರು ಹೇಳಿದ್ದನ್ನೇ ಬರೆಸ್ರಿ. ಕರ್ತನು ನಿಮ್ಮ ಮನೆಗಳನ್ನ ಆಶೀರ್ವದಿಸಲಿ. ಆಮೆನ್.